ನಲವತ್ತೊಂದರ ಜೋಡಿ

ಹೆಸರು ಜೆಫನಾಯ ಓಂಗಾಯೊ. ಊರು ಕಿಸುಮು.
ಕಸುಬು, ಪುಸ್ತಕ ಕಟ್ಟುವುದು.
ಕತೆ ಕಟ್ಟುವುದಲ್ಲ ಸ್ವಾಮಿ, ಅದಕ್ಕೆ ಬೇರೆಯವರಿದ್ದಾರೆ
ಎಂದಾಗ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
ನಗಿಸಲೆಂದು ಹೇಳಿದ್ದಲ್ಲ.
ಬಾಯಿ ಒಣಗಿತ್ತು, ನಾಲಿಗೆಗೆ ಸಿಕ್ಕಿದ್ದು ಅದೇ.

ಸಾರ್ಜೆಂಟ್ ಎದುರಿಗೇ ಕೂತಿದ್ದ
ಇಸ್ತ್ರಿಯ ಗೆರೆ ಮುರಿಯದಂತೆ, ಮೊಣಕಾಲ ಮೇಲೆ ಟೋಪಿ.
ಅವನ ಮಗಳ ಬೈಬಲ್ಲಿಗೆ ಹೊಸ ರಟ್ಟು ಹಾಕಿದವನು ನಾನೇ.
ಚೌಕಾಸಿ ಮಾಡದೆ ದುಡ್ಡು ಕೊಟ್ಟಿದ್ದ.

ಮೇಜಿನ ಮೇಲೆ ಠಾಣೆಯ ದಿನಚರಿ,
ನೀಲಿ ಬಟ್ಟೆ, ಮೂಲೆಗಳಿಗೆ ಕೆಂಪು. ನನ್ನ ಕೈಯದೇ.
ಮೂವತ್ತೊಂದು ವರ್ಷ ಕಟ್ಟಿಕೊಟ್ಟೆ ಅವರಿಗೆ.
ಖಾಲಿಯಿದ್ದಾಗ ಕಂಡವನು,
ತುಂಬಿದ ಮೇಲೆ ಒಂದನ್ನೂ ತೆರೆದವನಲ್ಲ.
ಇದನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವರ ವಕೀಲರು ಹೇಳಿದ್ದಿಷ್ಟು:
ನಲವತ್ತಾದ ಮೇಲೆ ನಲವತ್ತಮೂರು, ಅದು ಅಚ್ಚಿನ ತಪ್ಪು.
ನಡುವೆ ಹಾಳೆ ಇರಲೇ ಇಲ್ಲ,
ಒಬಿಯೇರೊ ಎಂಬ ಹುಡುಗ ಆ ರಾತ್ರಿ ಠಾಣೆಗೆ ಬರಲೇ ಇಲ್ಲ,
ಸರೋವರದಲ್ಲಿ ಬಿದ್ದವರು ದಿನಾ ಬೀಳುತ್ತಾರೆ.

ತೋರಿಸಿ, ಅಂದರು ನ್ಯಾಯಾಧೀಶೆ.

ತೋರಿಸಿದೆ.
ದೊಡ್ಡ ಹಾಳೆಯೊಂದನ್ನು ಮಡಿಸಿದರೆ ಎರಡು ಎಲೆ,
ಮಡಿಕೆಯಲ್ಲಿ ದಾರ ಹಾಯುತ್ತದೆ.
ಅವಳಿಗಳು ತಾಯಿ, ಎರಡಕ್ಕೂ ಸೇರಿ ಒಂದೇ ಬೆನ್ನು.
ನಲವತ್ತೊಂದರ ಜೋಡಿ ಐವತ್ತೈದು, ಎಣಿಸಿ ನೋಡಿ.
ಕೊಯ್ದವನು ಬ್ಲೇಡು ಚೆನ್ನಾಗಿಯೇ ಆಡಿಸಿದ್ದಾನೆ,
ಆದರೆ ಇಲ್ಲಿ ಕೊಯ್ದರೆ ಅಲ್ಲಿ ಉದುರುತ್ತದೆಂದು
ಅವನಿಗೆ ಯಾರೂ ಕಲಿಸಿರಲಿಲ್ಲ.
ಉದುರಿದಾಗ ಗೋಂದು ಮೆತ್ತಿದ್ದಾನೆ, ಅಂಗಡಿಯ ಬಿಳಿ ಗೋಂದು.
ನನ್ನದು ಮರಗೆಣಸಿನ ಹಿಟ್ಟಿನ ಅಂಟು, ಜಿರಳೆಗೆ ಬಲು ಪ್ರೀತಿ.
ನೋಡಿ, ಪುಸ್ತಕದುದ್ದಕ್ಕೂ ಮೆದ್ದಿವೆ,
ಇದೊಂದು ಎಲೆಯ ಬುಡವನ್ನು ಮೂಸಿಯೂ ನೋಡಿಲ್ಲ.

ನ್ಯಾಯಾಧೀಶೆ ಐವತ್ತೈದನ್ನು ಗಟ್ಟಿಯಾಗಿ ಓದಿದರು.
ಕಳೆದುಹೋದ ಮೇಕೆಯ ದೂರು.
ಕಪ್ಪು, ಎಡಗಿವಿ ಸೀಳು, ಗಬ್ಬದ್ದು.
ಹೊತ್ತು, ತಾರೀಖು, ಬರೆದುಕೊಂಡವನ ಸಹಿ.
ಮೇಕೆಗೆ ಎಲ್ಲವೂ ಇತ್ತು.

ಆಮೇಲೆ ವೈದ್ಯರು ಬಂದರು, ಹುಡುಗನ ಬೆನ್ನಿನ ಬಗ್ಗೆ ಮಾತಾಡಿದರು.
ನಾನು ನನ್ನ ಬೆರಳುಗಳನ್ನೇ ನೋಡುತ್ತಿದ್ದೆ.

ಗೆದ್ದಿರಾ ಎಂದು ಕೇಳುತ್ತೀರಿ.
ಮೂರು ಮುಂದಿನ ತಾರೀಖುಗಳಾದವು.
ಸಾರ್ಜೆಂಟನಿಗೆ ಅರ್ಧ ಸಂಬಳ, ಅಂಗಳದಲ್ಲಿ ಕೋಳಿ ಸಾಕುತ್ತಾನಂತೆ.
ಬ್ಲೇಡು ಹಿಡಿದ ಕೈ ಯಾರದೆಂಬ ಪ್ರಶ್ನೆ
ಮೇಲಿನ ಮಹಡಿಯವರೆಗೂ ಹತ್ತಿ, ಮೆಟ್ಟಿಲಲ್ಲೇ ಕೂತಿದೆ.
ಠಾಣೆಯ ಕೆಲಸ ನನಗೀಗ ಇಲ್ಲ.
ಪುಸ್ತಕಗಳು ನೈರೋಬಿಯಿಂದ ಬರುತ್ತವೆ, ಸುರುಳಿ ತಂತಿಯವು.
ಒಂದೊಂದು ಹಾಳೆಯೂ ಒಂಟಿ.
ಯಾವುದನ್ನು ಕಿತ್ತರೂ ಪಕ್ಕದ್ದಕ್ಕೆ ಸುದ್ದಿಯೇ ಇರುವುದಿಲ್ಲ.

ಆದರೂ ಆ ದಿನ ಕೋರ್ಟಿನ ಮೆಟ್ಟಿಲ ಮೇಲೆ
ಹುಡುಗನ ತಾಯಿ ಅಕೆಯೊ, ಮೀನಿನ ಬುಟ್ಟಿ ಕೆಳಗಿಟ್ಟು,
ಆ ಹಾಳೆಯಲ್ಲಿ ಏನಿರುತ್ತಿತ್ತು ಅಣ್ಣಾ, ಎಂದಳು.
ನಾನು ಓದುವವನಲ್ಲ ತಂಗಿ, ಗೆರೆ ಎಳೆಯುವವನು.
ಹೆಸರಿಗೆ ಒಂದು ಕಾಲಂ, ತಂದೆಯ ಹೆಸರಿಗೆ ಒಂದು,
ಜೇಬಿನಲ್ಲಿದ್ದುದಕ್ಕೆ, ಒಳಗೆ ಬಂದ ಹೊತ್ತಿಗೆ.
ಬಂದಾಗ ಮೈ ಹೇಗಿತ್ತೆಂದು ಬರೆಯಲು ಕೊನೆಯದು.
ಅದು ಎಷ್ಟು ಅಗಲ?
ಒಂದೂವರೆ ಇಂಚು.

ಅವಳು ಹೆಬ್ಬೆರಳು ತೋರುಬೆರಳು ಅಗಲಿಸಿ
ಅಷ್ಟು ಜಾಗವನ್ನು ಗಾಳಿಯಲ್ಲಿ ಹಿಡಿದು ನೋಡಿದಳು.
'ಚೆನ್ನಾಗಿದ್ದಾನೆ' ಎಂಬುದು ಹಿಡಿಸುತ್ತದೆಯೇ ಇದರಲ್ಲಿ?

ಹಿಡಿಸುತ್ತದೆ, ಅಂದೆ.
ಪಕ್ಕದಲ್ಲಿ ಸಹಿ ಹಾಕಲೂ ಜಾಗ ಉಳಿಯುತ್ತದೆ.