ಟಕ್

ಜೀಲಾಂಗಿನ ಉತ್ತರದಲ್ಲಿ ಭಾನುವಾರದ ಹಳೆಸಾಮಾನಿನ ಸಂತೆ.
ಕೊಲ್ಲಿಯ ಗಾಳಿಗೆ ಟಾರ್ಪಾಲು ಪಟಪಟ.
ಜೇಬಿನಲ್ಲಿ ನೂರಾನಲವತ್ತು ಡಾಲರು,
ತಲೆಯಲ್ಲಿ ಒಂದು ತಪ್ಪು.

ತಪ್ಪು ಮಂಗಳವಾರದ್ದು.
ಮಿಸೆಸ್ ಕೊವಾಚ್ ಅವರ ಬಿಳಿ ಕೊರೊಲಾ, ಆಯಿಲು ಬದಲಿಸಿ
ಅಡಿಯ ಬೋಲ್ಟು ಬಿಗಿದೆ. ಇರಲಿ, ಇನ್ನೊಂದು ಚೂರು, ಅಂದುಕೊಂಡೆ.
ಆ ಇನ್ನೊಂದು ಚೂರಿನಲ್ಲಿ
ಅಲ್ಯೂಮಿನಿಯಂ ಬೆಣ್ಣೆಯಾಯಿತು.
ಹಲ್ಲಿಲ್ಲದ ಬಾಯಿ ಅಗಿದ ಹಾಗೆ
ಬೋಲ್ಟು ಸುಮ್ಮನೆ ತಿರುಗತೊಡಗಿತು.

ಗ್ಯಾರೇಜಿನ ಒಡತಿ ನೊರೀನ್ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಕೈ ಒರೆಸಿಕೊಳ್ಳುತ್ತ ಅಂದಳು:
"ವಯಸ್ಸು ನಲವತ್ತೆರಡು, ಅಪ್ರೆಂಟಿಸ್‌ಗಿರಿ ಎರಡೇ ವರ್ಷ.
ನಿನ್ನ ಕೈಗೆ ಇನ್ನೂ ಅಳತೆ ಬಂದಿಲ್ಲ.
ಬರುವ ತನಕ ಒಂದು ಟಾರ್ಕ್ ರೆಂಚು ಕೊಂಡುಕೋ. ನನ್ನದು ಮುಟ್ಟಬೇಡ."

ಗದಗಿನ ಲಾರಿ ಗ್ಯಾರೇಜಿನ ಖಾಜಾಸಾಬನ ಹತ್ತಿರ
ಇಂಥದ್ದೇನೂ ಇರಲಿಲ್ಲ. ಕಣ್ಣು ಮುಚ್ಚಿ ನಟ್ಟು ಬಿಗಿಯುತ್ತಿದ್ದ.
"ಬೆಲ್ಲದ ಪಾಕ ನೋಡಿದಂಗ ನೋಡಬೇಕವಾ, ಎಳಿ ಬಂತಂದ್ರ ಸಾಕು."
ಅವನು ಬಿಗಿದ ಚಕ್ರವೊಂದು ಮುಂಡರಗಿ ರಸ್ತೆಯಲ್ಲಿ
ಲಾರಿಯನ್ನೇ ಹಿಂದೆ ಹಾಕಿ ಓಡಿದ್ದೂ ನಿಜ.
ಆ ಕತೆಯನ್ನೂ ಅವನೇ ನಗುತ್ತ ಹೇಳುತ್ತಿದ್ದ.

ಎಂಜಿನ್ ಕಾರ್ಖಾನೆಗೆ ಬೀಗ ಬೀಳುವ ತನಕ
ಅಲ್ಲೇ ದುಡಿದ ಅರ್ನಿ ಪಾಸ್ಕೋ
ಹಳೆಯ ಕಂಬಳಿಯ ಮೇಲೆ ಮೂರು ರೆಂಚು ಮಲಗಿಸಿದ್ದ.

ಡಿಜಿಟಲ್ಲಿನದು: ಹಸಿರು ಅಂಕಿ, ಬೀಪು, ಬಿಂಕ.
ಬ್ಯಾಟರಿ ಸತ್ತ ದಿನ ಬರೀ ಕಬ್ಬಿಣ.

ಸೂಜಿಯದು: ಸುಳ್ಳು ಹೇಳಲು ಬಾರದ ಮುದುಕ,
ಕೆಡುವುದಕ್ಕೆ ಒಳಗೆ ಏನೂ ಇಲ್ಲ.
ಆದರೆ ಕಾರಿನಡಿ ಅಂಗಾತ ಬಿದ್ದು
ಅದರ ಮುಖ ಓದಲು ನನಗೆ ಒಂಟೆಯ ಕತ್ತು ಬೇಕು.

ಇನ್ನೊಂದು ಉದ್ದನೆಯದು, ಟಕ್ಕೆನ್ನುವಂಥದ್ದು.
ಅರ್ಧ ಇಂಚಿನ ಚೌಕ ಮೂತಿ,
ನಲವತ್ತರಿಂದ ಇನ್ನೂರು ನ್ಯೂಟನ್ ಮೀಟರು,
ಹಿಡಿಯ ಮೇಲೆ ಯಾರದೋ ಹೆಸರು ಕೆರೆದು ಅಳಿಸಿದ ಗುರುತು.
"ನಂಬಬಹುದಾ?"
"ನಾನು ಮಾರುವವನು," ಅಂದ ಅರ್ನಿ, "ನನ್ನನ್ನು ಕೇಳಬೇಡ."

ನನ್ನ ಡಿಕ್ಕಿಯಲ್ಲಿತ್ತು ಇಪ್ಪತ್ತು ಕಿಲೋ ಸೋನಾ ಮಸೂರಿ.

ಅವನ ವೈಸಿಗೆ ಮೂತಿ ಕಚ್ಚಿಸಿ, ಹಿಡಿಯನ್ನು ಅಡ್ಡ ಮಲಗಿಸಿ,
ಟೇಪು ಹಿಡಿದು ಅರ್ಧ ಮೀಟರು ಅಳೆದು
ಅಕ್ಕಿಚೀಲ ಕಟ್ಟಿ ಕೈಬಿಟ್ಟೆ. ಲೆಕ್ಕಕ್ಕೆ ತೊಂಬತ್ತೆಂಟು.
ತೊಂಬತ್ತಕ್ಕೆ ಇಟ್ಟರೆ, ಟಕ್.
ನೂರಹತ್ತಕ್ಕೆ ಇಟ್ಟರೆ ಮಾತಿಲ್ಲ,
ಗಾಳಿಗೆ ಚೀಲ ತೊಟ್ಟಿಲಿನಂತೆ ತೂಗಿತು.
ನೂರಕ್ಕೆ ಇಳಿಸಿದೆ.
ಸ್ವಲ್ಪ ತಡೆಯಿತು, ಲೆಕ್ಕ ಹಾಕಿದಂತೆ,
ಆಮೇಲೆ ಟಕ್.

ಸುತ್ತ ನಿಂತ ಐದಾರು ಜನರಲ್ಲಿ ಒಬ್ಬ ಚಪ್ಪಾಳೆ ತಟ್ಟಿದ.
ಅವನ ನಾಯಿ ಅಕ್ಕಿಚೀಲ ಮೂಸಿತು.
ಅರ್ನಿ ತೊಂಬತ್ತು ಹೇಳಿದ್ದನ್ನು ತಾನೇ ಎಂಬತ್ತಕ್ಕೆ ಇಳಿಸಿದ.
"ಒಮ್ಮೆ ಟಕ್ ಅಂದಮೇಲೆ ಇನ್ನೊಮ್ಮೆ ಹೇಳಿಸಬೇಡ.
ಇದರಿಂದ ಬಿಚ್ಚಬೇಡ. ಬಿಚ್ಚೋಕೆ ಬೇರೆ ಕಬ್ಬಿಣಗಳಿವೆ."
ಆಮೇಲೆ ಕೇಳಿದ: "ಯಾವ ಕೆಲಸಕ್ಕೆ?"

ಕೊರೊಲಾದ ಚಕ್ರಕ್ಕೆ, ನೂರಾಮೂರು, ಅಂದೆ.
ಮತ್ತೆ, ಮೆಲ್ಲಗೆ: ಆಯಿಲಿನ ಬೋಲ್ಟಿಗೂ. ಮೂವತ್ತೇಳು.

ಅರ್ನಿ ಹಿಡಿಯ ಕೊನೆಯ ಗೆರೆಗೆ ಉಗುರು ಇಟ್ಟು ತೋರಿಸಿದ.
ನಲವತ್ತು.
ನಾನು ಕೊಳ್ಳಲು ಬಂದದ್ದು ಮೂವತ್ತೇಳರ ತಪ್ಪಿಗೆ.
ಇದು ಮಾತಾಡುವುದೇ ನಲವತ್ತರಿಂದ ಮೇಲೆ.
"ಅದಕ್ಕೆ ಚಿಕ್ಕದು ಬೇಕು. ನನ್ನ ಹತ್ತಿರ ಇಲ್ಲ."

ಆದರೂ ಕೊಂಡೆ.
ದಿನಕ್ಕೆ ಹತ್ತು ಕಾರಿನ ಚಕ್ರ ಹಾಕುವ ಕೈ ಇದು,
ಮುಂಡರಗಿ ರಸ್ತೆ ಇಲ್ಲೂ ಇದೆ.

ಕೊವಾಚ್ ಅವರ ಹೊಸ ತಟ್ಟೆ ಗುರುವಾರ ಬರುತ್ತದಂತೆ.
ಅವತ್ತು ನೊರೀನಳ ಚಿಕ್ಕ ರೆಂಚು ಕೇಳಬೇಕು,
ಮುಟ್ಟಬೇಡ ಅಂದದ್ದನ್ನೇ.

ರಾತ್ರಿ ಅನ್ನಕ್ಕಿಟ್ಟು, ಪೆಟ್ಟಿಗೆ ತೆರೆದು
ಹಿಡಿ ತಿರುವಿ ನೂರರಿಂದ ನಲವತ್ತಕ್ಕೆ ಇಳಿಸಿದೆ.
ಬಿಗಿದೇ ಇಟ್ಟರೆ ಒಳಗಿನ ಸ್ಪ್ರಿಂಗು
ದಣಿದು, ಸುಳ್ಳು ಕಲಿಯುತ್ತದಂತೆ.