ಬಸಳೆಗೆ ಕೊಟ್ಟ ಕಾಲು

ಕಾರ್ಕಳದ ಅಕ್ಕನ ಮನೆಯಲ್ಲಿ ಎಂಟು ದಿನ ನಿಂತು ಬಂದೆ.
ಬಿಕರ್ನಕಟ್ಟೆಯ ಇಳಿಜಾರಿನಲ್ಲಿ ರಿಕ್ಷಾ ಇಳಿದು
ಗೇಟು ತೆಗೆಯುವಾಗಲೇ ಕಂಡಿತು
ಬಸಳೆಯ ಬುಡಕ್ಕೊಂದು ಹೊಸ ಗೂಟ,
ಗೂಟಕ್ಕೆ ಕಡೆದ ಬಳೆ, ಬಳೆಯ ಕೆಳಗೆ ಸಣ್ಣ ಸೊಂಟ.
ಗೂಟಕ್ಕೆ ಯಾರಾದರೂ ಸೊಂಟ ಕಡೆಯುತ್ತಾರಾ?

ಬೀಟೆಯ ಕಾಲು.
ಕ್ಲೋಟಿಲ್ಡಾ ಬಾಯಿಯ ಆರು ಕುರ್ಚಿಗಳಲ್ಲಿ ಐದನೆಯದರ
ಮುಂದಿನ ಎಡಗಾಲು.
ಹುಳದ ತೂತಿಗೆ ಸೀಮೆಎಣ್ಣೆ ಕುಡಿಸಿ
ಬಿಸಿಲಿಗೆಂದು ಕಾಂಪೌಂಡಿಗೆ ಒರಗಿಸಿ ಹೋಗಿದ್ದೆ.

"ಬಿದ್ದುಕೊಂಡಿತ್ತಲ್ಲ, ಗಟ್ಟಿ ಉಂಟು ಅಂತ ಕಂಡಿತು," ಅಂದರು ಇವರು,
ಕೈಯಲ್ಲಿ ಮೀನು ತೊಳೆದ ನೀರಿನ ಬಾಲ್ದಿ.
ಮೂವತ್ತು ವರ್ಷ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ನಾದಿದವರಿಗೆ
ಮಣ್ಣಲ್ಲದ್ದೆಲ್ಲ ಮಣ್ಣಿನಲ್ಲಿ ಊರುವುದಕ್ಕೇ ಇರುವುದು.

ನಾನು ಕಂಕನಾಡಿಯ ಹಳೇ ಫರ್ನಿಚರ್ ಅಂಗಡಿಯಲ್ಲಿ
ಹನ್ನೊಂದು ವರ್ಷ ಲೆಕ್ಕ ಬರೆದವಳು.
ಬರೆಯುತ್ತ ಬರೆಯುತ್ತ ಕಣ್ಣು ಬೇರೆ ಕಡೆ ಇತ್ತು:
ಅರಗು ಸ್ಪಿರಿಟ್ಟಿನಲ್ಲಿ ಕರಗುವುದು,
ಬಟ್ಟೆಯ ಉಂಡೆ ಮರದ ಮೇಲೆ ಸುತ್ತಿ ಸುತ್ತಿ ಓಡುವುದು,
ನಿಂತರೆ ಕಲೆ, ಅವಸರ ಮಾಡಿದರೆ ಗುಳ್ಳೆ.
ಅಂಗಡಿ ಮುಚ್ಚಿದ ದಿನ ಬಾಕಿ ಸಂಬಳಕ್ಕೆಂದು
ಒಂದು ಕೊಡತಿ, ಮೂರು ಉಳಿ, ಒಂದು ಮುರುಕು ಆರಾಮ ಕುರ್ಚಿ.
ಅದೇ ಈಗ ನಮ್ಮ ಅನ್ನ.
ಪದಾರ್ಥ ಇವರ ಅಂಗಳದ್ದು.

ಎಳೆಯಲು ಹೋದೆ.
ಬಳ್ಳಿ ಆಗಲೇ ಎರಡು ಸುತ್ತು ಹಾಕಿತ್ತು,
ಮೂರನೆಯದಕ್ಕೆ ತಲೆ ಎತ್ತಿ ದಾರಿ ಹುಡುಕುತ್ತಿತ್ತು.
ಬಿಡಿಸಿದರೆ ಚಿಗುರು ಪಟ್ಟನೆ ಮುರಿಯುತ್ತದೆ,
ಬಸಳೆಯ ಜಾತಿಯೇ ಹಾಗೆ, ನೀರೇ ಮೈಯಾದದ್ದು.
"ಬೇರೆ ಕಾಲು ಇಲ್ಲವಾ ಮಾರಾಯ್ತಿ?"
ಉಂಟು. ಗೋಣಿಯಲ್ಲಿ ಹದಿನಾಲ್ಕುಂಟು.
ಆದರೆ ಇದರ ತಲೆಗೆ ಯಾವನೋ ಆಚಾರಿ ಉಳಿಯಿಂದ ನಾಲ್ಕು ಗೀರು ಹಾಕಿದ್ದಾನೆ,
ನಾಲ್ಕು ಗೀರಿನ ತೂತು ನಾಲ್ಕು ಗೀರಿನ ಕಾಲನ್ನೇ ಕೇಳುತ್ತದೆ.
ಅವನ ಹೆಸರು ಗೊತ್ತಿಲ್ಲ. ಮಾತು ಮೀರುವ ಧೈರ್ಯ ನನಗಿಲ್ಲ.

ಎರಡು ದಿನ ಮಾತಿಲ್ಲ.
ನಾನು ಜಗಲಿಯಲ್ಲಿ ಪೇಪರ್ ಉಜ್ಜಿದೆ, ಎಂಬತ್ತು, ನೂರೈವತ್ತು, ಮುನ್ನೂರಿಪ್ಪತ್ತು.
ಇವರು ಅಂಗಳದಲ್ಲಿ ಸುಡುಮಣ್ಣು ಮಾಡಿದರು,
ಹೊಗೆ ಬಂದು ನನ್ನ ಹಸಿ ಪಾಲಿಶಿನ ಮೇಲೆ ಕೂತಿತು.
ನನ್ನ ಮರದ ಹುಡಿ ಹಾರಿ ಇವರ ಹರಿವೆಯ ಮೇಲೆ.
ಸಂಜೆ ಒಂದೇ ನಳ್ಳಿಯಲ್ಲಿ ಕೈ ತೊಳೆದೆವು.
ನನ್ನದು ಕೆಂಪು ನೀರು. ಇವರದೂ.

ಮೂರನೆಯ ದಿನ ಫೋನು.
"ಕರುಣಾಕರಾ, ಕುರ್ಚಿ ಎಂಥ ಆಯ್ತು?"
ಇವರು ನನ್ನ ಮುಖ ನೋಡಿದರು, ಬಳ್ಳಿ ನೋಡಿದರು.
"ಬಾಯೀ, ಐದು ತಯಾರುಂಟು. ಒಂದರ ಕಾಲು
ಇನ್ನೂ ಬೆಳೀತಾ ಉಂಟು."
ನಗಬಾರದೆಂದೇ ಇದ್ದೆ.
ತುಟಿಯಲ್ಲಿ ಕಚ್ಚಿಕೊಂಡಿದ್ದ ಮೊಳೆ ಉದುರಿತು.

ಮೂರು ಕಾಲಿನ ಕುರ್ಚಿ ಜಗಲಿಯಲ್ಲಿ
ಒಂದು ಕೆಂಪುಕಲ್ಲಿಗೆ ಭಾರ ಹಾಕಿ ಐದು ವಾರ ಕಾದಿತು.
ಅದರಲ್ಲಿ ಕೂತದ್ದು ಬೆಕ್ಕು ಮಾತ್ರ.

ದಂಟು ಹೆಬ್ಬೆರಳಿನಷ್ಟಾದ ದಿನ ಕೊಯ್ದರು.
ನಾನು ಮರುವಾಯಿ ತಂದೆ, ಕಾಯಿ ಅರೆದೆ.
ಉಂಡ ಮೇಲೆ ಇವರೇ ಅಂಗಳಕ್ಕಿಳಿದು
ಮಗುವಿನ ಹಲ್ಲು ಕೀಳುವವರ ಹಾಗೆ ಮೆಲ್ಲ ಅಲ್ಲಾಡಿಸಿ
ಕಾಲನ್ನು ಎತ್ತಿ, ಚಂಡಿ ಬಟ್ಟೆಯಲ್ಲಿ ಒರೆಸಿ ಕೊಟ್ಟರು.

ಬುಡದಲ್ಲಿ ನಾಲ್ಕು ಬೆರಳಗಲ ಮಣ್ಣಿನ ಗುರುತು.
ಉಜ್ಜಿದೆ, ಹೋಗಲಿಲ್ಲ. ಮೂರು ಕೈ ಅರಗು ಕೊಟ್ಟೆ,
ಅಡಿಯಿಂದ ಇನ್ನೂ ಚಂದ ಕಂಡಿತು.
ಬಿಟ್ಟೆ.
ಬಿಲ್ಲಿನಲ್ಲಿ ಐವತ್ತು ರೂಪಾಯಿ ಕಡಿಮೆ ಬರೆದೆ, ಲೆಕ್ಕ ಲೆಕ್ಕವೇ.

ಟೆಂಪೋದಲ್ಲಿ ಆರೂ ಬೆಂದೂರಿಗೆ ಹೋದವು,
ಐದನೆಯದರ ಮಡಿಲಲ್ಲಿ
ಒದ್ದೆ ಪೇಪರು ಸುತ್ತಿದ ಬಸಳೆಯ ಕಡ್ಡಿ ಎರಡು.

ಈಗ ಅಲ್ಲೊಂದು ಉರುಟು ತೂತು.
ಕೊಯ್ದ ಬುಡ ಮತ್ತೆ ಚಿಗುರಿ
ಗಾಳಿಯಲ್ಲಿ ಆಚೀಚೆ ಕೈಯಾಡಿಸುತ್ತಿದೆ.
ಇವರು ನಿಂತು ಅದನ್ನು ನೋಡುತ್ತಾರೆ,
ಆಮೇಲೆ ನನ್ನ ಕೊಡತಿಯ ಹಿಡಿಯನ್ನು.

ಕೊಡತಿ ಈಗ ರಾತ್ರಿ
ಅಕ್ಕಿ ಡಬ್ಬದೊಳಗೆ ಮಲಗುತ್ತದೆ.