ಆಷಾಢದ ರೇಟು

ಅಡಿಕೆ ಮಂಡಿಯಲ್ಲಿ ರಾಶಿಗೆ ರೇಟು ಕುದುರಿದ ವಾರ
ನನ್ನ ಫೋನಿನಲ್ಲಿ ಚಾರ್ಜು ನಿಲ್ಲುವುದಿಲ್ಲ.
ತೀರ್ಥಹಳ್ಳಿಯಿಂದ, ಸಾಗರದಿಂದ, ರಿಪ್ಪನ್‌ಪೇಟೆಯಿಂದ
ಕಾರು ತುಂಬ ಬರುತ್ತಾರೆ: ಮಗಳ ಕಾಲೇಜಿಗೆ ಹತ್ತಿರ ಬೇಕು,
ಪೂರ್ವದ ಬಾಗಿಲು ಬೇಕು, ಬೋರಿನಲ್ಲಿ ನೀರು ಬೇಕು.
ಯುಗಾದಿಯಿಂದ ಅಕ್ಷಯ ತದಿಗೆವರೆಗೆ
ಗೋಪಾಳದ ಒಂದೊಂದು ಮನೆಯೂ ಮದುವಣಗಿತ್ತಿ.
ಹೊಸ ಸುಣ್ಣ, ಹೊಸ್ತಿಲಿಗೆ ಅರಿಶಿನ,
ಬಿರುಕಿನ ಮೇಲೊಂದು ಕ್ಯಾಲೆಂಡರು.
ಕ್ಯಾಲೆಂಡರು ತೂಗುಹಾಕಿದವನು ನಾನೇ.

ಆಷಾಢ ಬಂತೋ, ಮನೆಗಳೂ ತವರಿಗೆ ಹೋದ ಹಾಗೆ.
ಯಾರೂ ಕೇಳರು. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನಲ್ಲಿ
ಪತ್ರಬರಹಗಾರ ತೂಕಡಿಸುತ್ತಾನೆ.
ನಾನು ಕೀಲಿಗೊಂಚಲಿಗೆ ಕೊಬ್ಬರಿ ಎಣ್ಣೆ ಸವರುತ್ತ
ಹೊಳೆಯ ಮಂಟಪ ಮುಳುಗಿತಾ ಎಂದು
ಹೋಗಿ ಬರುವವರನ್ನು ಕೇಳುತ್ತ ಕೂರುತ್ತೇನೆ.

ಮಂಟಪ ಮುಳುಗಿದ ಮಾರನೆಯ ದಿನವೇ ಬಂದಳು ಹಾಲಮ್ಮ,
ಹೊಸನಗರ ರೂಟಿನ ಕಂಡಕ್ಟರು, ಡ್ಯೂಟಿ ಮುಗಿಸಿ, ಖಾಕಿಯಲ್ಲೇ.
"ಆಷಾಢ ಅಲ್ವೇನಮ್ಮ?" ಅಂದೆ.
"ಅದಕ್ಕೇ ಬಂದೆ. ಈಗ ಸೋರದ್ದು ಯಾವಾಗಲೂ ಸೋರಲ್ಲ."

ಟಾರ್ಚು ಹಿಡಿದು ಒಳಗೆ ಹೋದಳು.
ಕ್ಯಾಲೆಂಡರು ಎತ್ತಿ ನೋಡಿದಳು, ನನ್ನನ್ನೂ ನೋಡಿದಳು.
ಬಡಗಣ ಗೋಡೆಗೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ.
ಕಪಾಟಿನೊಳಗೆ ತಲೆ ಹಾಕಿ ಮೂಸಿದಳು.
ಚರಂಡಿ ಯಾವ ಕಡೆ ಹರಿಯುತ್ತೆ ಅಂತ
ಟಿಕೆಟ್ಟಿನ ಚೂರೊಂದನ್ನು ತೇಲಿಬಿಟ್ಟಳು.
ಆಮೇಲೆ ಕಿವಿಸಂದಿಯ ನೀಲಿ ಪೆನ್ನು ತೆಗೆದು
ತೇವ ಏರಿದಷ್ಟಕ್ಕೆ ಗೀಟೆಳೆದು ತಾರೀಖು ಬರೆದಳು.
"ಇಷ್ಟಕ್ಕೆ ಕಮ್ಮಿ ಮಾಡಿಸಿ."

ಮಾರುವವರಿಗೂ ಆಷಾಢವೇ. ಮೂರು ಲಕ್ಷ ಇಳಿದರು.
ಅಡ್ವಾನ್ಸು ಎಣಿಸಿದೆ: ಐನೂರರ ನಡುವೆ
ಹತ್ತರವೂ ಇಪ್ಪತ್ತರವೂ, ಬಸ್ಸಿನ ವಾಸನೆ.
ಅಗ್ರಿಮೆಂಟು ಮಾತ್ರ ಶ್ರಾವಣ ಶುಕ್ರವಾರವೇ ಎಂದರು ಯಜಮಾನರು.

ಶ್ರಾವಣ ಬಂತು, ಫೋನಿಗೆ ಜೀವ ಬಂತು.
ಭದ್ರಾವತಿಯ ಪಾರ್ಟಿ ಐದು ಲಕ್ಷ ಮೇಲೆ ಅಂದಿತು.
"ಆ ಕಂಡಕ್ಟರಿಗೆ ಏನಾದರೂ ಹೇಳಿ" ಅಂದರು ಯಜಮಾನರು;
ಗೋಡೆಗೆ ಆಗಲೇ ಎರಡು ಕೋಟು ಬಳಿಸಿದ್ದರು.

ತೋರಿಸಲು ಹೋದೆ.
ಬಿಳಿಯ ಅಡಿಯಿಂದ ನೀಲಿ ಗೀಟು
ಇಣುಕುತ್ತಿತ್ತು, ತಾರೀಖಿನ ಸಮೇತ.
"ಏನ್ರೀ ಇದು?" ಅಂದಿತು ಪಾರ್ಟಿ.
ಕ್ಯಾಲೆಂಡರು ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು.

"ಮುಂಗಡ ಆದ ಮನೆ ಸಾರ್" ಅಂದೆ, "ಗುರುತು ಹಾಕಿ ಹೋಗಿದ್ದಾರೆ."

ಕಮಿಷನ್ನು ಸಣ್ಣದಾಯಿತು. ಅದರಲ್ಲೂ ಉಳಿದ ಚಿಲ್ಲರೆಯನ್ನು
ಹಾಲಮ್ಮ ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದಾಳೆ;
ಇಳಿಯುವಾಗ ಕೇಳಿ ತಗೊಳ್ಳಬೇಕು.